ಬಾವಿ ಬಿಟ್ಟು ಹೊರಟ ಕಪ್ಪೆ

ಮನೆ ಬಿಟ್ಟು ಹೊರಗೆ ಬಾರದವರನ್ನು ಬಾವಿಕಪ್ಪೆ ಅಂತ ಬೈಯುತ್ತೇವೆ. ಸರಿ, ಕಪ್ಪೆ ಹೊರಗೆ ಬಂತು ಅಂತಿಟ್ಟುಕೊಳ್ಳಿ. ಎದುರಿಗೆ ಏನಿದೆ? ಲಾರಿ.

ಯುರೋಪಿನ ನೆಲಗಪ್ಪೆಗಳು ಚಳಿಗಾಲವೆಲ್ಲ ಮಣ್ಣಿನಡಿ ಮಲಗಿರುತ್ತವೆ. ವಸಂತದ ಮೊದಲ ಬೆಚ್ಚನೆ ಮಳೆರಾತ್ರಿ ಎದ್ದು, ಮೊಟ್ಟೆ ಇಡಲು ಹಳೆಯ ಕೆರೆಗೇ ಹೊರಡುತ್ತವೆ. ಕಾಡಿಗೂ ಕೆರೆಗೂ ನಡುವೆ ನಾವು ಡಾಂಬರು ಹಾಕಿದ್ದೇವೆ. ಗಂಡುಗಳಿಗಂತೂ ರಸ್ತೆ ಬಲು ಇಷ್ಟ. ಬಯಲಲ್ಲಿ ಕೂತರೆ ಬರುವ ಹೆಣ್ಣು ದೂರದಿಂದಲೇ ಕಾಣುತ್ತದಲ್ಲ! ಹೆಣ್ಣು ಸಿಕ್ಕ ಮೇಲೆ ಬೆನ್ನೇರಿ ಸವಾರಿ. ಒಂದೇ ಟೈರಿಗೆ ಇಡೀ ಸಂಸಾರ.

ಇದಕ್ಕೆ ಪರಿಹಾರ? ಬಕೆಟ್. ಹೌದು, ಸ್ನಾನದ ಬಕೆಟ್ಟೇ. ರಸ್ತೆ ಹಾಕಿದವರು ಕಪ್ಪೆ ಚಿತ್ರದ ಫಲಕ ನೆಟ್ಟು ಮಲಗುತ್ತಾರೆ. ಕಪ್ಪೆಗೆ ಓದಲು ಬರುವುದಿಲ್ಲ, ಡ್ರೈವರಿಗೆ ಓದುವ ಪುರಸೊತ್ತಿಲ್ಲ. ಹಾಗಾಗಿ ಸಂಬಳವಿಲ್ಲದ ಒಂದಷ್ಟು ಜನ ಮಳೆಯಲ್ಲಿ ಟಾರ್ಚ್ ಹಿಡಿದು, ಕಪ್ಪೆ ಹೆಕ್ಕಿ, ಆಚೆ ದಡಕ್ಕೆ ಬಿಡುತ್ತಾರೆ. ಕಪ್ಪೆ ತೂಗಿದ ಹಾಗೆ ಅನ್ನುತ್ತೇವಲ್ಲ, ಆ ಮಾತು ಕಟ್ಟಿದವರು ಒಂದು ರಾತ್ರಿಯಾದರೂ ಈ ಕೆಲಸ ಮಾಡಿರಲೇಬೇಕು.

ಬೇರೆ ದಾರಿ ಇಲ್ಲವೇ ಅಂದರೆ, ಇದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್‌ನಲ್ಲಿ 1987ರಲ್ಲೇ ರಸ್ತೆಯಡಿ ಸಾಲಮ್ಯಾಂಡರುಗಳಿಗೆ (ನೋಡಲು ಹಲ್ಲಿಯಂತಿರುವ, ಕಪ್ಪೆಯ ನೆಂಟರು) ಸುರಂಗ ಮಾಡಿದರು. ಒಳಗೆ ಮಳೆಹನಿ, ಬೆಳಕು ಬೀಳಲಿ ಅಂತ ಮೇಲೆ ಸೀಳು ಬೇರೆ ಬಿಟ್ಟರು. ಆದರೆ ಸುರಂಗಕ್ಕೆ ನಕ್ಷೆ ಬೇಕು, ಟೆಂಡರ್ ಬೇಕು, ಸಹಿ ಬೇಕು. ಸ್ವಯಂಸೇವಕರಿಗೆ ಒಂದು ಪ್ರಶಂಸಾಪತ್ರ ಸಾಕು.

ಬೇಸಿಗೆಯಲ್ಲಿ ಇನ್ನೊಂದು ಮೆರವಣಿಗೆ ಇರುತ್ತದೆ. ಉಗುರಿನಷ್ಟೇ ದೊಡ್ಡ ಮರಿಗಳು ಕೆರೆ ಬಿಟ್ಟು ಕಾಡಿಗೆ ಹೊರಡುತ್ತವೆ, ಅದೇ ರಸ್ತೆ ದಾಟಿ. ಅವುಗಳನ್ನು ಹೆಕ್ಕುವುದು ಸುಮ್ನೆ ಮಾತಲ್ಲ, ಚೆಲ್ಲಿದ ಸಾಸಿವೆ ಆರಿಸಿದ ಹಾಗೆ.

ತಮಾಷೆ ಅಂದರೆ, ಬಕೆಟ್ಟಿನವರೂ ಎಷ್ಟೋ ಜನ ಕಾರಿನಲ್ಲೇ ಬಂದಿರುತ್ತಾರೆ. ಕೆಲಸ ಮುಗಿದ ಮೇಲೆ ಮನೆಗೆ ಹೋಗಬೇಕಲ್ವಾ? ಒಬ್ಬರು ಟಾರ್ಚ್ ಹಿಡಿದು ಮುಂದೆ ನಡೆಯಬೇಕು, ಕಾರು ಹಿಂದೆ ತೆವಳಬೇಕು. ಬ್ರಿಟನ್ನಿನಲ್ಲಿ 1865ರಲ್ಲಿ ಇಂಥದೇ ಕಾನೂನಿತ್ತು: ಯಂತ್ರದ ಗಾಡಿಯ ಮುಂದೆ ಒಬ್ಬ ಕೆಂಪು ಬಾವುಟ ಹಿಡಿದು ನಡೆಯಬೇಕು. ಎಂಥ ಪೆದ್ದು ಕಾನೂನು ಅಂತ ಜನ ಇವತ್ತಿಗೂ ನಗುತ್ತಾರೆ. ಕಪ್ಪೆಗಳು ನಕ್ಕಿದ್ದನ್ನು ನಾನಂತೂ ಕಂಡಿಲ್ಲ.