ಯಾವ ವೈರು, ಎಷ್ಟು ಉದ್ದ, ಎಷ್ಟು ದಪ್ಪ

ಸ್ಟೀರಿಯೋಗೆ ಹೊಸ ಕೇಬಲ್ ಹಾಕಿದವರು ಬರೆಯುವ ಅನುಭವಗಳನ್ನು ನಾನು ಬಿಡದೆ ಓದುತ್ತೇನೆ. ತೆರೆ ಸರಿದ ಹಾಗಾಯ್ತು, ಹಾಡುವವರು ಎದುರಿಗೇ ಬಂದು ಕೂತ ಹಾಗಾಯ್ತು ಅಂತ ಬರೆದಿರುತ್ತಾರೆ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಆದರೆ ಮೊದಲು ಯಾವ ವೈರ್ ಇತ್ತು, ಎಷ್ಟು ಉದ್ದ, ಎಷ್ಟು ದಪ್ಪ, ಎರಡು ಸಲವೂ ವಾಲ್ಯೂಮ್ ಒಂದೇ ಇತ್ತಾ, ಇದ್ಯಾವುದೂ ಆ ಬರಹದಲ್ಲಿ ಇರುವುದಿಲ್ಲ. ಅದರ ಕೆಳಗೆ ಯಾರೋ ಒಬ್ಬರು ಬಂದು "ತಾಮ್ರ ಅಂದ್ರೆ ತಾಮ್ರ, ಎಲ್ಲಾ ನಿಮ್ಮ ಭ್ರಮೆ" ಅಂದು ಹೋಗುತ್ತಾರೆ. ಅವರೂ ಕೂತು ಕೇಳಿರುವುದಿಲ್ಲ. ನನಗೆ ಇಬ್ಬರ ಮೇಲೂ ಬೇಜಾರಿದೆ. ಕೇಬಲ್‌ನಿಂದ ಶಬ್ದ ಬದಲಾಗುವ ಜಾಗಗಳು ಇವೆ. ಅಲ್ಲಿ ಯಾಕೆ ಬದಲಾಗುತ್ತದೆ ಅಂತಲೂ ಹೇಳಬಹುದು.

ನನ್ನ ಸೆಟ್‌ನಲ್ಲಿ ಮೂರು ಕಡೆ ಬದಲಾಯಿಸಿ ಕೇಳಿದ್ದೇನೆ.

ಮೊದಲನೆಯದು ಸ್ಪೀಕರ್ ವೈರ್. ಹಳೆಯದು 0.5 ಸ್ಕ್ವೇರ್ ಎಂಎಂನ ತೆಳು ವೈರ್. ಆಂಪ್‌ನಿಂದ (ಆಂಪ್ಲಿಫೈಯರ್‌ನಿಂದ) ಸ್ಪೀಕರ್‌ಗೆ 5 ಮೀಟರ್. ಅದರ ಜಾಗಕ್ಕೆ ಅಷ್ಟೇ ಉದ್ದದ 2.5 ಸ್ಕ್ವೇರ್ ಎಂಎಂನ ಸಾದಾ ತಾಮ್ರದ ವೈರ್ ಹಾಕಿದೆ. ವ್ಯತ್ಯಾಸ ಕೇಳಿಸಿತು. ಗಂಡು ದನಿಯ ಕೆಳಗಿನ ಸ್ವರಗಳು ಮೊದಲು ಸ್ವಲ್ಪ ಹಿಂದೆ ಸರಿದು ಕೂತಿದ್ದವು, ಈಗ ಮೈತುಂಬಿ ಬಂದವು. ಮೃದಂಗದ ಎಡಗಡೆಯ ಪೆಟ್ಟು ಮೊದಲು ಎಳೆದುಕೊಂಡು ಹೋಗುತ್ತಿತ್ತು, ಈಗ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತದೆ.

ಯಾಕೆ ಹೀಗಾಯ್ತು? ಓಮ್ ಅಂದರೆ ವಿದ್ಯುತ್ತಿಗೆ ಇರುವ ತಡೆಯ ಅಳತೆ. ಸ್ಪೀಕರ್ ಮೇಲೆ 8 ಓಮ್ ಅಂತ ಬರೆದಿದ್ದರೂ ಅದು ಎಲ್ಲಾ ಸ್ವರಕ್ಕೂ 8 ಆಗಿರುವುದಿಲ್ಲ. ನನ್ನದು ಬೇಸ್‌ನ ಒಂದು ಜಾಗದಲ್ಲಿ 30 ಓಮ್‌ವರೆಗೆ ಏರುತ್ತದೆ, ಸ್ವಲ್ಪ ಮೇಲೆ ಬಂದರೆ 4ಕ್ಕೆ ಇಳಿಯುತ್ತದೆ. ವೈರ್ ಹೋಗಿ ವಾಪಸ್ ಬರಬೇಕು, ಅಂದರೆ 5 ಮೀಟರ್ ಅಂದದ್ದು ಲೆಕ್ಕಕ್ಕೆ 10 ಮೀಟರ್. ತೆಳು ವೈರ್‌ನಲ್ಲಿ ಅದಕ್ಕೆ ಸುಮಾರು 0.34 ಓಮ್ ತಡೆ. ಸ್ಪೀಕರ್ 30 ಓಮ್ ಇರುವ ಕಡೆ ಇದು ಏನೂ ಅಲ್ಲ. 4 ಓಮ್ ಇರುವ ಕಡೆ ಮಾತ್ರ 0.7 ಡೆಸಿಬಲ್ (ಶಬ್ದದ ಮಟ್ಟದ ಅಳತೆ) ತಿಂದುಹಾಕುತ್ತದೆ. ಹೀಗೆ ಒಂದು ಕಡೆ ತಗ್ಗಿ, ಇನ್ನೊಂದು ಕಡೆ ಹಾಗೇ ಉಳಿದು, ಸ್ಪೀಕರ್‌ನ ಸಮತೋಲವೇ 0.6 ಡೆಸಿಬಲ್‌ನಷ್ಟು ವಾಲುತ್ತದೆ. ದಪ್ಪ ವೈರ್‌ನ ತಡೆ 0.07 ಓಮ್. ಅಲ್ಲಿ ವಾಲುವುದು 0.13 ಡೆಸಿಬಲ್ ಮಾತ್ರ. ದನಿಯ ಜಾಗದಲ್ಲೇ ಅರ್ಧ ಡೆಸಿಬಲ್ ಹೋದರೆ ಗಮನವಿಟ್ಟು ಕೇಳುವವರಿಗೆ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ವೈರ್ ದಪ್ಪವಾದರೆ ಒಟ್ಟು ಶಬ್ದವೂ ಒಂಚೂರು ಜಾಸ್ತಿ ಆಗುತ್ತದೆ. ಒಂಚೂರು ಜೋರಾಗಿರುವುದೇ ಕಿವಿಗೆ ಚೆಂದ ಅನ್ನಿಸುವುದು. ಅದಕ್ಕೇ ನಾನು ಟೆಸ್ಟ್ ಟೋನ್ ಹಾಕಿ, ಸ್ಪೀಕರ್‌ನ ಹಿಂದಿನ ಟರ್ಮಿನಲ್‌ಗೆ ಮಲ್ಟಿಮೀಟರ್ ಇಟ್ಟು, ಎರಡು ಸಲವೂ ವೋಲ್ಟೇಜ್ ಒಂದೇ ಬರುವ ಹಾಗೆ ವಾಲ್ಯೂಮ್ ಹೊಂದಿಸಿಕೊಂಡೆ. ಆಮೇಲೂ ದನಿಯ ಆ ತುಂಬು ಉಳಿಯಿತು. ಹಾಗಾಗಿಯೇ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ. ನಿಮ್ಮ ವೈರ್ 2 ಮೀಟರ್‌ನದ್ದಾಗಿದ್ದು ಈಗಾಗಲೇ ದಪ್ಪ ಇದ್ದರೆ, ಅದಕ್ಕಿಂತ ದಪ್ಪದ್ದು ಹಾಕಿ ಇದೇ ಫಲ ಸಿಗುತ್ತದೆ ಅಂತ ಕಾಯಬೇಡಿ. ತಿಂದುಹಾಕಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಎರಡನೆಯದು ರೆಕಾರ್ಡ್ ಹಾಕುವ ಟರ್ನ್‌ಟೇಬಲ್‌ನಿಂದ ಫೋನೋ ಸ್ಟೇಜ್‌ಗೆ (ಅದರ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಭಾಗಕ್ಕೆ) ಹೋಗುವ ಕೇಬಲ್. ಮೂರರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದೇ, ಜನ ಅತಿ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ. ನನ್ನದು ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್, ಅಂದರೆ ಸೂಜಿಯ ಜೊತೆ ಪುಟ್ಟ ಅಯಸ್ಕಾಂತ ಅಲುಗಿ ಸಿಗ್ನಲ್ ಹುಟ್ಟಿಸುವ ಬಗೆ. ಅದರೊಳಗಿನ ಸುರುಳಿಯ ಇಂಡಕ್ಟೆನ್ಸ್ (ಕರೆಂಟ್ ಬದಲಾಗುವುದನ್ನು ತಡೆಯುವ ಗುಣ) ಸುಮಾರು 500 ಮಿಲಿಹೆನ್ರಿ. ಕೇಬಲ್‌ನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ, ಇಲ್ಲಿ ಪಿಕೋಫ್ಯಾರಡ್‌ನಲ್ಲಿ ಅಳೆಯುವುದು) ಅದರ ಜೊತೆ ಸೇರಿ ಮೇಲಿನ ಸ್ವರಗಳಲ್ಲಿ ಒಂದು ಉಬ್ಬು ಮಾಡುತ್ತದೆ. ಹಳೆಯ ಕೇಬಲ್, ಟೋನ್‌ಆರ್ಮ್‌ನ (ಕಾರ್ಟ್ರಿಡ್ಜ್ ಹೊತ್ತ ತೋಳಿನ) ವೈರ್, ಫೋನೋ ಸ್ಟೇಜ್ ಎಲ್ಲಾ ಸೇರಿ 300 ಪಿಕೋಫ್ಯಾರಡ್ ಹತ್ತಿರ ಇತ್ತು. ಆಗ ಆ ಉಬ್ಬು 13 ಸಾವಿರ ಹರ್ಟ್ಸ್ ಸುತ್ತ ಬರುತ್ತದೆ, ಆಮೇಲೆ ಶಬ್ದ ಸರ್ರನೆ ಇಳಿದುಹೋಗುತ್ತದೆ. ಕೆಪಾಸಿಟೆನ್ಸ್ ಕಡಿಮೆ ಇರುವ ಗಿಡ್ಡ ಕೇಬಲ್ ಹಾಕಿದ ಮೇಲೆ ಒಟ್ಟು 150ರ ಸುತ್ತ ಬಂತು. ಉಬ್ಬು ಚಿಕ್ಕದಾಗಿ 18 ಸಾವಿರದ ಆಚೆ ಸರಿಯಿತು.

ಕೇಳುವಾಗ ಇದು ಹೇಗಿತ್ತು ಅಂದರೆ, ಹಾಡಿನ ಸಾಹಿತ್ಯದಲ್ಲಿ "ಸ" "ಶ" ಬಂದಾಗಲೆಲ್ಲ ಮೊದಲು ಚುರ್ರ್ ಅಂತ ಒಂದು ಉರಿ ಇರುತ್ತಿತ್ತು. ಅದು ಹೋಯಿತು. ಪಿಟೀಲಿನ ಕಮಾನು ತಂತಿ ಹಿಡಿಯುವ ಮೊದಲ ಕ್ಷಣದ ಸಣ್ಣ ಒರಟು ಈಗ ಒರಟಾಗಿಯೇ ಕೇಳುತ್ತದೆ, ಕಿರುಚುವುದಿಲ್ಲ. ರೆಕಾರ್ಡಿನ ಚಟಪಟ ಸದ್ದು ಕೂಡ ಮುಂದೆ ನುಗ್ಗುವುದು ಬಿಟ್ಟು ಹಿಂದೆ ಉಳಿಯಿತು. ತಯಾರಕರು ಕಾರ್ಟ್ರಿಡ್ಜ್ ಜೊತೆಯ ಕಾಗದದಲ್ಲಿ ಇಷ್ಟು ಪಿಕೋಫ್ಯಾರಡ್ ಇರಲಿ ಅಂತ ಬರೆದಿರುತ್ತಾರೆ. ದಯವಿಟ್ಟು ಅದನ್ನು ಓದಿ. ಮೂವಿಂಗ್ ಕಾಯಿಲ್ (ಅಯಸ್ಕಾಂತದ ಬದಲು ಸುರುಳಿಯೇ ಅಲುಗುವ ಬಗೆ) ಇದ್ದವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ಅದರ ಇಂಡಕ್ಟೆನ್ಸ್ ತೀರಾ ಕಡಿಮೆ.

ಮೂರನೆಯದು ಡ್ಯಾಕ್‌ನಿಂದ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆಯಿಂದ) ಆಂಪ್‌ಗೆ ಹೋಗುವ ಒಂದು ಮೀಟರ್ ಆರ್‌ಸಿಎ ಕೇಬಲ್, ಅಂದರೆ ನಡುವೆ ಒಂದೇ ಪಿನ್ ಇರುವ ಮಾಮೂಲಿ ಆಡಿಯೋ ಕೇಬಲ್. ಗೆಳೆಯನೊಬ್ಬ ತನ್ನ ಬೆಳ್ಳಿಯ ಕೇಬಲ್ ತಂದುಕೊಟ್ಟ. ಹಾಕಿದ ತಕ್ಷಣ, "ತಂಬೂರಿ ಎಷ್ಟು ಬಿಚ್ಚಿಕೊಂಡಿದೆ ನೋಡೋ" ಅಂದ. ನನಗೂ ಹಾಗೇ ಕೇಳಿಸಿತು. ಆಮೇಲೆ ಅಕ್ಕನ ಮಗನನ್ನು ಹಿಂದೆ ಕೂರಿಸಿ, ಒಮ್ಮೆ ಇದು ಒಮ್ಮೆ ಅದು ಹಾಕಲು ಹೇಳಿದೆವು. ಎರಡನ್ನೂ ಡ್ಯಾಕ್‌ನ ಎರಡು ಔಟ್‌ಪುಟ್‌ಗಳಿಂದ ಆಂಪ್‌ನ ಎರಡು ಇನ್‌ಪುಟ್‌ಗೆ ಜೋಡಿಸಿದ್ದರಿಂದ ಬದಲಿಸಲು ಒಂದು ಗುಂಡಿ ತಿರುಗಿಸಿದರೆ ಸಾಕಿತ್ತು. "ಈಗ ಯಾವುದು ಹೇಳಿ ಮಾಮ" ಅಂತ ಅವನು ಕೇಳುತ್ತಾ ಹೋದ. ನಾವು ಹೇಳಿದ್ದು ನಾಣ್ಯ ಚಿಮ್ಮಿ ಹೇಳಿದಷ್ಟೇ ಸರಿಯಾಗಿತ್ತು. ತಂಬೂರಿ ಎರಡರಲ್ಲೂ ಒಂದೇ ಥರ ಬಿಚ್ಚಿಕೊಂಡಿತ್ತು.

ಲೆಕ್ಕ ಕೂಡ ಇದನ್ನೇ ಹೇಳುತ್ತದೆ. ಬೆಳ್ಳಿ ತಾಮ್ರಕ್ಕಿಂತ ಸುಮಾರು ಶೇ 6ರಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ, ನಿಜ. ಆದರೆ ಆಂಪ್‌ನ ಇನ್‌ಪುಟ್ ಸಾಮಾನ್ಯವಾಗಿ 10 ಸಾವಿರ ಓಮ್ ಅಥವಾ ಅದಕ್ಕೂ ಜಾಸ್ತಿ. ಅದರ ಮುಂದೆ ಒಂದು ಮೀಟರ್ ತಂತಿಯ ತಡೆ ಲೆಕ್ಕಕ್ಕೇ ಬರುವುದಿಲ್ಲ. ಕೆಪಾಸಿಟೆನ್ಸ್ 100 ಪಿಕೋಫ್ಯಾರಡ್ ಇದ್ದು, ಡ್ಯಾಕ್‌ನ ಔಟ್‌ಪುಟ್ 1,000 ಓಮ್ ಇದ್ದರೂ ಶಬ್ದ ಇಳಿಯಲು ಶುರುವಾಗುವುದು 16 ಲಕ್ಷ ಹರ್ಟ್ಸ್ ಹತ್ತಿರ. ನಮ್ಮ ಕಿವಿ 20 ಸಾವಿರಕ್ಕೇ ನಿಲ್ಲುತ್ತದೆ.

ಹೀಗೆ ನೋಡದೆ ಕೇಳುವುದು ಹೊಸದೇನೂ ಅಲ್ಲ. 1982ರಲ್ಲೇ ಡೇವಿಡ್ ಕ್ಲಾರ್ಕ್ ಅವರು ಎಬಿಎಕ್ಸ್ ಪೆಟ್ಟಿಗೆಯ (ಎ, ಬಿ ಎರಡನ್ನೂ ಕೇಳಿಸಿ, ಗುಟ್ಟಾಗಿಟ್ಟ ಎಕ್ಸ್ ಅವೆರಡರಲ್ಲಿ ಯಾವುದು ಅಂತ ಕೇಳುವ ಪೆಟ್ಟಿಗೆಯ) ಬಗ್ಗೆ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದಿದ್ದರು. ಇದು ಕೇಳುಗರನ್ನು ಅವಮಾನಿಸುವ ಪರೀಕ್ಷೆ ಅಂತ ಕೆಲವರು ಸಿಟ್ಟಾಗುತ್ತಾರೆ. ನನಗೆ ಇದು ಕಿವಿಗೆ ಕೊಡುವ ಮರ್ಯಾದೆ ಅನ್ನಿಸುತ್ತದೆ. ಬೆಲೆ, ಹೊಳಪು, ಹೆಸರು ಇದ್ಯಾವುದೂ ಇಲ್ಲದಾಗ ಕಿವಿ ಏನು ಹೇಳುತ್ತದೆ ಅಂತ ಕೇಳುವುದು ಅಷ್ಟೇ ಅಲ್ವಾ?

ಆರ್‌ಸಿಎ ಕೇಬಲ್‌ನಿಂದ ಏನೂ ಆಗುವುದೇ ಇಲ್ಲ ಅಂತಲ್ಲ. ಸಡಿಲವಾದ ಪಿನ್, ಕಿಲುಬು ಹಿಡಿದ ಸಾಕೆಟ್ ಇದ್ದರೆ ಶಬ್ದ ನಿಜವಾಗಿಯೂ ಕೆಡುತ್ತದೆ. ಹೊಸ ಕೇಬಲ್ ಹಾಕುವಾಗ ಹಳೆಯದನ್ನು ಕಿತ್ತು ಸಿಕ್ಕಿಸುವುದರಿಂದಲೇ ಆ ಕಿಲುಬು ಒಂದಿಷ್ಟು ಉಜ್ಜಿಹೋಗುತ್ತದೆ, ಹೆಸರು ಮಾತ್ರ ಹೊಸ ಕೇಬಲ್‌ಗೆ ಬರುತ್ತದೆ. ಅದಕ್ಕೇ ಮೊದಲು ಹಳೆಯ ಕೇಬಲನ್ನೇ ತೆಗೆದು, ಪಿನ್ ಒರೆಸಿ, ಮತ್ತೆ ಹಾಕಿ ಕೇಳಿ. ಗುಂಯ್ ಅಂತ ಹಮ್ ಬರುತ್ತಿದ್ದರೆ ಶೀಲ್ಡ್ ಚೆನ್ನಾಗಿರುವ ಕೇಬಲ್, ಅಥವಾ ಎರಡೂ ಕಡೆ ಸೌಲಭ್ಯ ಇದ್ದರೆ ಬ್ಯಾಲೆನ್ಸ್ಡ್ ಎಕ್ಸ್‌ಎಲ್‌ಆರ್ (ಹೊರಗಿನ ಗದ್ದಲ ತಾನೇ ರದ್ದಾಗುವ ಹಾಗೆ ಸಿಗ್ನಲನ್ನು ಎರಡು ತಂತಿಗಳಲ್ಲಿ ಕಳಿಸುವ ಮೂರು ಪಿನ್ನಿನ ಕೇಬಲ್) ಕೆಲಸಕ್ಕೆ ಬರುತ್ತದೆ.

ಗೆಳೆಯ ತನ್ನ ಬೆಳ್ಳಿ ಕೇಬಲ್ ವಾಪಸ್ ತಗೊಂಡು ಹೋದ, ಈಗಲೂ ಅದನ್ನೇ ಬಳಸುತ್ತಾನೆ. ಪಿನ್ ಗಟ್ಟಿಯಾಗಿ ಕೂರುತ್ತದೆ, ಕೆಲಸ ಅಚ್ಚುಕಟ್ಟು, ಇಷ್ಟಪಡಲು ಅಷ್ಟು ಸಾಕು.

ನಿಮ್ಮಲ್ಲಿ ಯಾರದ್ದಾದರೂ 4 ಓಮ್ ಸ್ಪೀಕರ್ ಇದ್ದು, ವೈರ್ 10 ಮೀಟರ್‌ಗಿಂತ ಉದ್ದ ಹೋಗಿದ್ದರೆ, 2.5ರಿಂದ 4 ಸ್ಕ್ವೇರ್ ಎಂಎಂಗೆ ಹೋದಾಗ ಏನು ಕೇಳಿಸಿತು ಅಂತ ಕೆಳಗೆ ಬರೆಯಿರಿ. ಉದ್ದ, ದಪ್ಪ, ವಾಲ್ಯೂಮ್ ಹೇಗೆ ಹೊಂದಿಸಿದಿರಿ, ಯಾವ ವಾದ್ಯದಲ್ಲಿ ಗೊತ್ತಾಯ್ತು, ಎಲ್ಲಾ ಬೇಕು. ಇನ್ನೂ ಬದಲಾಯಿಸಿಲ್ಲದವರು ಹಳೆಯ ವೈರ್ ಎಸೆಯಬೇಡಿ. ಅದು ಕೈಯಲ್ಲಿದ್ದರೆ ತಾನೇ ಹೋಲಿಸಿ ಕೇಳಲು ಆಗುವುದು.