ಕೀರ್ ಹಾರ್ಡಿಯ 'ನಮ್ಮವರು'

ಬ್ರಿಟನ್ನಿನ ಲೇಬರ್ ಪಕ್ಷ ಅಂದ ಕೂಡಲೇ ನಮಗೆ ನೆನಪಾಗೋದು ನಮಗೆ ಸ್ವಾತಂತ್ರ್ಯ ಬಂದಾಗ ಬ್ರಿಟನ್ನಿನ ಪ್ರಧಾನಿಯಾಗಿದ್ದ ಅಟ್ಲಿ. ಆ ಪಕ್ಷಕ್ಕೆ ಅಡಿಗಲ್ಲು ಹಾಕಿದವರಲ್ಲಿ ಮುಖ್ಯನಾದವನು ಸ್ಕಾಟ್ಲೆಂಡಿನ ಗಣಿ ಕಾರ್ಮಿಕ ಕೀರ್ ಹಾರ್ಡಿ. ಹುಟ್ಟಿದ್ದು 1856ರ ಆಗಸ್ಟ್ 15. (ದಿನಾಂಕ ನೋಡಿ ಯಾರೂ ಜಾತಕ ಹಾಕಬೇಡಿ!)

ತಾಯಿ ಮನೆಗೆಲಸದವಳು. ಮಲತಂದೆ ಹಡಗು ಕಟ್ಟುವ ಬಡಗಿ, ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹಾರ್ಡಿ ಇನ್ನೂ ಚಿಕ್ಕ ಹುಡುಗ, ಗ್ಲಾಸ್ಗೋದ ಒಂದು ಬೇಕರಿಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ತಮ್ಮ ಸಾಯುವ ಸ್ಥಿತಿಯಲ್ಲಿದ್ದ, ತಾಯಿ ತುಂಬು ಬಸುರಿ. ಕೆಲಸಕ್ಕೆ ತಡವಾಯಿತು. ಮಾಲೀಕ ಮನೆಮಂದಿ ಜೊತೆ ಬೆಳಗಿನ ತಿಂಡಿಗೆ ಕೂತಿದ್ದವನು, ಹುಡುಗನನ್ನು ಅಲ್ಲೇ ಕರೆಸಿ, ಬುದ್ಧಿ ಹೇಳಿ ಕೆಲಸದಿಂದ ತೆಗೆದ. ಆ ವಾರದ ಕೂಲಿಯನ್ನೂ ಮುರಿದುಕೊಂಡ. ಆತ ಊರಿಗೆಲ್ಲ ದೈವಭಕ್ತ ಅಂತ ಹೆಸರಾದವನಂತೆ! ಹಾರ್ಡಿ ಮುಂದೆ ಕ್ರೈಸ್ತನಾದ, ಕೊನೆವರೆಗೂ ಹಾಗೇ ಉಳಿದ, ಆದರೆ ಆ ತಿಂಡಿಯ ಮೇಜನ್ನು ಮರೆಯಲಿಲ್ಲ.

ಹತ್ತನೇ ವಯಸ್ಸಿಗೆ ಕಲ್ಲಿದ್ದಲು ಗಣಿ. ಗಾಳಿ ಆಡಲು ಬಾಗಿಲು ತೆಗೆದು ಮುಚ್ಚುವ ಕೆಲಸ, ದಿನವಿಡೀ ಕತ್ತಲಲ್ಲಿ. ಓದು ತಾಯಿ ಕಲಿಸಿದ್ದು. ಶೀಘ್ರಲಿಪಿ ಕಲಿತದ್ದು ಗಣಿಯೊಳಗೇ, ದೀಪದ ಹೊಗೆಗೆ ಕಪ್ಪಾದ ಕಲ್ಲಿನ ಮೇಲೆ ಪಿನ್ನಿನಿಂದ ಗೀಚುತ್ತಾ. ದೊಡ್ಡವನಾಗಿ ಸಂಘ ಕಟ್ಟಲು ಹೊರಟಾಗ ಗಣಿ ಮಾಲೀಕರು ಅವನನ್ನೂ ತಮ್ಮಂದಿರನ್ನೂ ಹೊರಗಟ್ಟಿ, ಬೇರೆಲ್ಲೂ ಕೆಲಸ ಸಿಗದ ಹಾಗೆ ಮಾಡಿದರು. 1886ರಲ್ಲಿ ಸ್ಕಾಟ್ಲೆಂಡಿನ ಐರ್‌ಶೈರ್ ಗಣಿ ಕಾರ್ಮಿಕರ ಸಂಘದ ಕಾರ್ಯದರ್ಶಿಯಾದ.

1888ರಲ್ಲಿ ಸ್ಕಾಟ್ಲೆಂಡಿನ ಮಿಡ್ ಲ್ಯಾನಾರ್ಕ್ ಕ್ಷೇತ್ರದ ಉಪಚುನಾವಣೆ. ಕಣದಿಂದ ಹಿಂದೆ ಸರಿದರೆ ಮುಂದಿನ ಸಲ ಗೆಲ್ಲುವ ಕ್ಷೇತ್ರ, ವರ್ಷಕ್ಕೆ 300 ಪೌಂಡ್ ಅಂತ ಆಗಿನ ದೊಡ್ಡ ಪಕ್ಷಗಳಲ್ಲೊಂದಾದ ಲಿಬರಲ್ ಪಕ್ಷದವರು ಆಸೆ ತೋರಿಸಿದರು. ಸಂಸದರಿಗೆ ಸಂಬಳವೇ ಇಲ್ಲದ ಕಾಲ ಅದು. ಒಪ್ಪಲಿಲ್ಲ. ನಿಂತ, 617 ಮತ ಪಡೆದು ಸೋತ. ನಾಲ್ಕು ವರ್ಷದ ಮೇಲೆ ಲಂಡನ್ನಿನ ವೆಸ್ಟ್ ಹ್ಯಾಮ್ ಸೌತ್‌ನಿಂದ ಗೆದ್ದು, ಎಲ್ಲರೂ ಕರಿ ಕೋಟು, ರೇಷ್ಮೆ ಹ್ಯಾಟು ಹಾಕಿ ಬರುವ ಸಂಸತ್ತಿಗೆ ಒರಟು ಉಣ್ಣೆಯ ಟ್ವೀಡ್ ಸೂಟು, ಸಾದಾ ಟೋಪಿಯಲ್ಲಿ ಹೋದ. ಪತ್ರಿಕೆಗಳು ವಾರಗಟ್ಟಲೆ ಟೋಪಿಯನ್ನೇ ಬರೆದವು.

ನನಗೆ ಮುಖ್ಯ ಅನಿಸೋದು 1894ರ ಜೂನ್. 23ರಂದು ವೇಲ್ಸ್‌ನ ಆಲ್ಬಿಯನ್ ಗಣಿ ಸ್ಫೋಟಗೊಂಡು 290 ಮಂದಿ ಸತ್ತರು. ಅದೇ ದಿನ ರಾಜಮನೆತನದಲ್ಲಿ ಗಂಡು ಮಗು ಹುಟ್ಟಿತು. ಮಾರನೇ ದಿನ ಫ್ರಾನ್ಸಿನ ಅಧ್ಯಕ್ಷನ ಕೊಲೆಯಾಯಿತು. ಸಂಸತ್ತು ಫ್ರಾನ್ಸಿಗೆ ಸಂತಾಪ ಹೇಳಿತು, ಮಗುವಿಗೆ ಅಭಿನಂದನೆ ಹೇಳಿತು. ಸತ್ತ ಗಣಿ ಕಾರ್ಮಿಕರ ಹೆಸರಲ್ಲೂ ಒಂದು ಗೊತ್ತುವಳಿ ಆಗಲಿ ಅಂದ ಹಾರ್ಡಿಯ ಮಾತಿಗೆ ಬೆಲೆ ಸಿಗಲಿಲ್ಲ. ಆತ ಎದ್ದು ನಿಂತು, ಈ ಮಗು ಹೊಗಳುಭಟರ ನಡುವೆ ಬೆಳೆಯುತ್ತೆ, ಲೋಕ ಸುತ್ತಿ ಬರುತ್ತೆ, ಆಮೇಲೆ ಅಂತಸ್ತಿಗೆ ಸಲ್ಲದ ಮದುವೆಯ ಗುಲ್ಲೆದ್ದೀತು, ಖರ್ಚು ಮಾತ್ರ ದೇಶದ ತಲೆ ಮೇಲೆ ಅನ್ನೋ ಅರ್ಥದಲ್ಲಿ ಮಾತಾಡಿದ. ಸದನ ಕೂಗಾಡಿತು. ಆ ಮಗುವೇ ಎಂಟನೇ ಎಡ್ವರ್ಡ್, 1936ರಲ್ಲಿ ಮದುವೆಗಾಗಿ ಸಿಂಹಾಸನ ಬಿಟ್ಟವನು. ಮರುವರ್ಷದ ಚುನಾವಣೆಯಲ್ಲಿ ಹಾರ್ಡಿ ಸೋತ.

ಇಷ್ಟಕ್ಕೇ ಅವನನ್ನು ಸಂತನನ್ನಾಗಿ ಮಾಡುವವರ ಜೊತೆ ನನಗೆ ತಕರಾರಿದೆ. ಇದೇ ಹಾರ್ಡಿ 1880ರ ದಶಕದಲ್ಲಿ ಐರ್‌ಶೈರ್‌ನ ಗ್ಲೆನ್‌ಗಾರ್ನಕ್ ಕಬ್ಬಿಣದ ಕಾರ್ಖಾನೆಗೆ ಬಂದ ಲಿಥುವೇನಿಯಾದ ಬಡ ಕೂಲಿಗಳ ವಿರುದ್ಧ ಕೆಂಡ ಕಾರಿದ್ದ. ಕಡಿಮೆ ಕೂಲಿಗೆ ದುಡಿದು ನಮ್ಮವರ ಅನ್ನಕ್ಕೆ ಕಲ್ಲು ಹಾಕ್ತಾರೆ ಅನ್ನುವ ವಾದ. ಇವತ್ತೂ ಎಲ್ಲ ಊರಲ್ಲೂ ಕೇಳುವ ವಾದವೇ. ಅವರನ್ನೂ ಸಂಘಕ್ಕೆ ಸೇರಿಸಿಕೊಂಡರೆ ಆಯ್ತಲ್ಲ ಅನ್ನುವ ಬುದ್ಧಿ ಆಗ ಹೊಳೆಯಲಿಲ್ಲ.

ಅದಕ್ಕೇ 1907-08ರ ಅವನ ಪ್ರವಾಸ ನನಗೆ ಅಷ್ಟು ದೊಡ್ಡದಾಗಿ ಕಾಣೋದು. ಅಷ್ಟರಲ್ಲಿ ಆತ ವೇಲ್ಸ್‌ನ ಮರ್ಥರ್ ಟಿಡ್ವಿಲ್‌ನ ಸಂಸದ. 1906ರಲ್ಲಿ ಲೇಬರ್‌ನ 29 ಜನ ಗೆದ್ದು ಬಂದಾಗ ಒಂದೇ ಮತದ ಅಂತರದಲ್ಲಿ ಸಂಸತ್ತಿನಲ್ಲಿ ಲೇಬರ್ ಗುಂಪಿನ ಮೊದಲ ಮುಖ್ಯಸ್ಥನೂ ಆಗಿದ್ದ. ಬಂಗಾಳ ವಿಭಜನೆಯ ಕಿಚ್ಚಿನ ನಡುವೆ ಭಾರತಕ್ಕೆ ಬಂದು, ಪೂರ್ವ ಬಂಗಾಳ ಸುತ್ತಿ, ಇಲ್ಲಿನ ಆಡಳಿತವನ್ನು ರಷ್ಯಾದ ಚಕ್ರವರ್ತಿ ಝಾರ್‌ನ ಆಡಳಿತಕ್ಕೆ ಹೋಲಿಸಿದ. ಕೆನಡಾಕ್ಕೆ ಕೊಟ್ಟಂಥ ಸ್ವಯಂ ಆಡಳಿತ ಇವರಿಗೂ ಕೊಡಿ ಅಂದ. ಲಂಡನ್ ಪತ್ರಿಕೆಗಳು ರಾಜದ್ರೋಹಿ ಅಂತ ಹರಿಹಾಯ್ದವು. ಅಲ್ಲಿಂದ ಮುಂದೆ ದಕ್ಷಿಣ ಆಫ್ರಿಕಾದಲ್ಲಿ, ಕರಿಯ ಕಾರ್ಮಿಕರನ್ನೂ ಸಂಘಗಳಿಗೆ ಸೇರಿಸಿಕೊಳ್ಳಿ ಅಂದಿದ್ದಕ್ಕೆ ಬಿಳಿಯರ ಗುಂಪುಗಳು ಅವನ ಮೇಲೆ ಎರಗಿದವು. ಗ್ಲೆನ್‌ಗಾರ್ನಕ್‌ನ ಮನುಷ್ಯ ಇಪ್ಪತ್ತು ವರ್ಷದಲ್ಲಿ ಇಷ್ಟು ದೂರ ಬಂದಿದ್ದ. ಲಿಬರಲ್ಲರ ಹಣ ಒದ್ದದ್ದಕ್ಕಿಂತ ಈ ಬದಲಾವಣೆಗೇ ನಾನು ಹೆಚ್ಚು ಅಂಕ ಕೊಡ್ತೀನಿ.

1914ರಲ್ಲಿ ಯುದ್ಧ ಬಂತು. ಜರ್ಮನಿಯ ಕಾರ್ಮಿಕನೂ ನಮ್ಮವನೇ ಅಂದುಕೊಂಡಿದ್ದ ಹಾರ್ಡಿ, ಆಗಸ್ಟ್ 6ರಂದು ತನ್ನದೇ ಕ್ಷೇತ್ರದ ಅಬರ್‌ಡೇರ್‌ನಲ್ಲಿ ಯುದ್ಧ ಬೇಡ ಅಂತ ಹೇಳಲು ವೇದಿಕೆ ಹತ್ತಿದ. ಜನ ಬೊಬ್ಬೆ ಹಾಕಿ ಬಾಯಿ ಮುಚ್ಚಿಸಿದರು. 1915ರ ಸೆಪ್ಟೆಂಬರ್ 26ರಂದು ಗ್ಲಾಸ್ಗೋದಲ್ಲಿ ತೀರಿಕೊಂಡಾಗ ವಯಸ್ಸು 59. ಉಪಚುನಾವಣೆಯಲ್ಲಿ ಮರ್ಥರ್ ಆರಿಸಿದ್ದು ಚಾರ್ಲ್ಸ್ ಸ್ಟ್ಯಾಂಟನ್ ಎಂಬುವನನ್ನು. ಆತನೂ ಗಣಿ ಕಾರ್ಮಿಕರ ನಾಯಕನೇ. ಅಬರ್‌ಡೇರ್‌ನಲ್ಲಿ ಆ ಬೊಬ್ಬೆಯ ಮುಂದಾಳತ್ವ ವಹಿಸಿದ್ದವನೂ ಅವನೇ.