ಸ್ಪಷ್ಟನೆ: ಎಂಯು-ಎಕ್ಸ್ ಗೇರ್‌ಬಾಕ್ಸ್ ವಿ-ಕ್ರಾಸ್‌ಗೆ ಹಾಗೇ ಕೂರುವುದಿಲ್ಲ

‘ಇಸುಜು ಎಂಯು-ಎಕ್ಸ್‌ನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹಳೇ ವಿ-ಕ್ರಾಸ್ ಪಿಕಪ್‌ಗೆ ಹಾಗೇ ಕೂರುತ್ತೆ, ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ’ ಅನ್ನುವ ಮೆಸೇಜ್ ತೀರ್ಥಹಳ್ಳಿ ಕಡೆ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ. ಎಂಯು-ಎಕ್ಸ್ ಅಂದರೆ ಇಸುಜು ಕಂಪನಿಯ ಎಸ್‌ಯುವಿ ಕಾರು; 2017ರ ಗಾಡಿಗೆ 3.0 ಲೀಟರ್ ಎಂಜಿನ್, 5 ಸ್ಪೀಡ್ (ಐದು ಗೇರಿನ) ಬಾಕ್ಸ್. 2019ರಲ್ಲಿ ಬಂದ ಆಟೋಮ್ಯಾಟಿಕ್ ವಿ-ಕ್ರಾಸ್‌ಗೆ 1.9 ಲೀಟರ್ ಎಂಜಿನ್, 6 ಸ್ಪೀಡ್ ಬಾಕ್ಸ್. ಕಂಪನಿ ಒಂದೇ ಆದರೆ ಸಾಲದು. ಬೆಲ್ ಹೌಸಿಂಗಿನ (ಬಾಕ್ಸ್ ಎಂಜಿನ್‌ಗೆ ಸೇರುವ ಕಡೆಯ ಕವಚ) ಬೋಲ್ಟ್ ತೂತು, ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಬಾಕ್ಸಿಗೆ ದಾಟಿಸುವ ಭಾಗ), ಗೇರ್‌ಬಾಕ್ಸಿನ ಕಂಪ್ಯೂಟರ್ ಎಲ್ಲವೂ ಹೊಂದಬೇಕು.

ನಮ್ಮ ತೋಟದ ಕೆಸರಿಗೆ ಫೋರ್ ವೀಲ್ ಡ್ರೈವ್ ಬೇಕೇ ಬೇಕು, ಅಲ್ವಾ? ಟೂ ವೀಲ್ ಡ್ರೈವ್ ಗಾಡಿಯ ಬಾಕ್ಸ್ ತಂದರೆ ಅದರ ಹಿಂದೆ ಟ್ರಾನ್ಸ್‌ಫರ್ ಕೇಸ್ (ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ಕೂರುವುದಿಲ್ಲ. ಸುಮ್ನೆ ಮುಂಗಡ ಕೊಡಬೇಡಿ. ಮೊದಲು ನಿಮ್ಮ ಗಾಡಿಯ ಹಳೇ ಬಾಕ್ಸಿನ ಮೇಲಿನ ಕೆಸರು ಒರೆಸಿ, ಅಲ್ಲಿರುವ ನಂಬರಿನ ಫೋಟೋ ತೆಗೆಯಿರಿ. ಚಾಸಿ ನಂಬರ್ ಕೊಟ್ಟು ಸರಿಯಾದ ಪಾರ್ಟ್ ನಂಬರ್ ಕೇಳಿಕೊಳ್ಳಿ.